ಒಬ್ಬರ ವಂಶವೃಕ್ಷಕ್ಕೆ ಊರೆಲ್ಲ ಜಾಲಾಡಬೇಕೆ?

ಪೌತಿ ಖಾತೆಗಾಗಿ ನಾಡಕಚೇರಿಗೆ ಅಲೆದವರಿಗೆ ವಂಶವೃಕ್ಷ ಎಂಬ ಕಾಗದದ ತೂಕ ಗೊತ್ತಿರುತ್ತದೆ. ಜಮೀನು ಇನ್ನೂ ತೀರಿಹೋದ ಮುತ್ತಾತನ ಹೆಸರಿನಲ್ಲೇ ಇದೆ. ಅವರಿಗೆ ಮಕ್ಕಳೆಷ್ಟು, ಆ ಮಕ್ಕಳಿಗೆ ಮಕ್ಕಳೆಷ್ಟು, ಯಾರಿದ್ದಾರೆ, ಯಾರಿಲ್ಲ ಎಂದು ಕೊಂಬೆ ಕೊಂಬೆಯಾಗಿ ಬರೆಯಿಸಬೇಕು. ಕಚೇರಿ ಎಷ್ಟೇ ನಿಧಾನದ್ದಾಗಿರಲಿ, ಒಂದು ಮಾತನ್ನು ಮಾತ್ರ ಅಲ್ಲಿ ಯಾರೂ ಹೇಳುವುದಿಲ್ಲ: "ಮೊದಲು ಇಡೀ ಹೋಬಳಿಯ ಎಲ್ಲ ಮನೆತನಗಳ ವಂಶವೃಕ್ಷ ಬರೆದು ಮುಗಿಸೋಣ, ಆಮೇಲೆ ಅದರಲ್ಲಿ ನಿಮ್ಮದನ್ನು ಹುಡುಕಿ ಕೊಡುತ್ತೇವೆ."

ಕಂಪ್ಯೂಟರು ಈ ಮಾತನ್ನು ಹೇಳುತ್ತದೆ. ಕೆಲವು ವರ್ಷಗಳ ಹಿಂದೆ ನಾನು ಕೆಲಸಕ್ಕಿದ್ದ ಒಂದು ಕಡೆ ಯಂತ್ರಗಳ ಬಿಡಿಭಾಗಗಳ ದೊಡ್ಡ ಪಟ್ಟಿಯೊಂದಿತ್ತು. ಪಂಪಿನೊಳಗೆ ಮೋಟಾರು, ಮೋಟಾರಿನೊಳಗೆ ಬೇರಿಂಗು, ಬೇರಿಂಗಿನೊಳಗೆ ಗುಂಡು, ಹೀಗೆ. ಒಂದೇ ಒಂದು ಪಂಪಿನ ಒಳಗೆ ಏನೇನಿದೆ ಎಂದು ಕೇಳುವ ಕ್ವೆರಿ ಬರೆದು ಓಡಿಸಿ ಕಾಫಿಗೆ ಎದ್ದುಹೋದೆ. ವಾಪಸು ಬಂದಾಗಲೂ ಅದು ಓಡುತ್ತಲೇ ಇತ್ತು. ಒಳಗೆ ಇಣುಕಿ ನೋಡಿದರೆ, ಆ ಪುಣ್ಯಾತ್ಮ ಡೇಟಾಬೇಸು ಕಂಪನಿಯ ಸಾವಿರಾರು ಯಂತ್ರಗಳೆಲ್ಲದರ ಹೊಟ್ಟೆ ಬಗೆದು ಪಟ್ಟಿ ಮಾಡುತ್ತಿತ್ತು. ಮಾಡಿ ಮುಗಿದ ಮೇಲೆ ನನ್ನ ಪಂಪನ್ನು ಆರಿಸಿ ಕೊಡುವ ಯೋಚನೆ ಅದರದ್ದು. ಈ ಪಂಪು ಮಾತ್ರ ಸಾಕು ಎಂದು ನಾನು ಬರೆದ ಷರತ್ತನ್ನು ಎರಡು ಸಾಲು ಮೇಲಕ್ಕೆ ಸರಿಸಿದೆ. ಉತ್ತರ ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು.

ಷರತ್ತನ್ನು ಹೀಗೆ ಸರಿಸುವ ಕೆಲಸವನ್ನು ಯಂತ್ರವೇ ಮಾಡಬಹುದು ಎಂದು 1986ರಲ್ಲೇ ತೋರಿಸಿಕೊಟ್ಟವರಿದ್ದಾರೆ. ಡಿಡಕ್ಟಿವ್ ಡೇಟಾಬೇಸ್ ಎಂಬ ಹೆಸರಿನ, ಈಗ ಬಹುತೇಕ ಎಂಜಿನಿಯರುಗಳು ಮರೆತಿರುವ ಕ್ಷೇತ್ರ ಅದು. ನಮ್ಮ ಕಾಲೇಜುಗಳಲ್ಲಿ ಓದಿಸುವ ಎಲ್ಮಸ್ರಿ ಮತ್ತು ನವಾಥೆ ಅವರ ದಪ್ಪ ಪುಸ್ತಕದ ಹಿಂಭಾಗದಲ್ಲಿ, ಇತರ ಹಲವು ಬಗೆಯ ಡೇಟಾಬೇಸ್‌ಗಳ ಜೊತೆ ಒಂದೇ ಅಧ್ಯಾಯದಲ್ಲಿ ಅದನ್ನು ಕಟ್ಟಿಹಾಕಿದ್ದಾರೆ. ಆ ಕ್ಷೇತ್ರ ಸೋತಿತು ಎನ್ನುವುದು ರೂಢಿಯ ಮಾತು. ನನಗೆ ಅದು ಸೋತಂತೆ ಕಾಣುವುದಿಲ್ಲ. ಅದು ಕಲಿಸಿದ್ದನ್ನು ನಾವು ಅರ್ಧ ಮಾತ್ರ ಕಲಿತೆವು, ಮುಖ್ಯವಾದ ಅರ್ಧವನ್ನು ಬಿಟ್ಟೆವು. ಭಾಷೆಯೊಂದು ತನ್ನ ಶಕ್ತಿಯನ್ನು ಬಿಟ್ಟುಕೊಟ್ಟಷ್ಟೂ ಯಂತ್ರ ನಮ್ಮ ಪರವಾಗಿ ಯೋಚಿಸಲು ಜಾಗ ಸಿಗುತ್ತದೆ ಎನ್ನುವುದು ಆ ಅರ್ಧ.

ಸ್ವಲ್ಪ ಹಿಂದಕ್ಕೆ ಹೋಗೋಣ. ಐಬಿಎಂನ ಎಡ್ಗರ್ ಕಾಡ್ 1970ರಲ್ಲಿ ದತ್ತಾಂಶವನ್ನು ಕೋಷ್ಟಕಗಳಾಗಿ ನೋಡುವ ರಿಲೇಷನಲ್ ಮಾದರಿಯನ್ನು ಮಂಡಿಸಿದರು. ಏನು ಬೇಕು ಎಂದು ಹೇಳಿ ಸಾಕು, ಹೇಗೆ ತರಬೇಕು ಎಂಬುದನ್ನು ಯಂತ್ರ ನೋಡಿಕೊಳ್ಳುತ್ತದೆ ಎನ್ನುವುದು ಅದರ ಭರವಸೆ. ಆದರೆ ಆ ಮಾದರಿಯ ಬೀಜಗಣಿತದಲ್ಲಿ ವಂಶವೃಕ್ಷ ಬರೆಯಲು ಬರುವುದಿಲ್ಲ. ಮಗ, ಮೊಮ್ಮಗ, ಮರಿಮಗನವರೆಗೆ ಒಂದೊಂದೇ ಜೋಡಿಸುತ್ತ ಹೋಗಬಹುದು. "ಎಷ್ಟು ತಲೆಮಾರಾದರೂ ಸರಿ" ಎಂದು ಹೇಳಲಾಗದು. ಆಲ್ಫ್ರೆಡ್ ಅಹೊ ಮತ್ತು ಜೆಫ್ರಿ ಉಲ್ಮನ್ 1979ರಲ್ಲಿ ಇದನ್ನು ಗಣಿತದಿಂದಲೇ ಸಾಬೀತು ಮಾಡಿದರು. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ತುಲೂಸ್‌ನಲ್ಲಿ ತರ್ಕಶಾಸ್ತ್ರದವರೂ ಡೇಟಾಬೇಸಿನವರೂ ಒಂದೆಡೆ ಕೂಡಿದ್ದರು. ತರ್ಕದವರ ಕೈಯಲ್ಲಿ ಮಾರ್ಸೇಲ್‌ನಲ್ಲಿ ಹುಟ್ಟಿದ ಪ್ರೋಲಾಗ್ ಭಾಷೆ ಇತ್ತು, ಅದರಲ್ಲಿ ವಂಶವೃಕ್ಷ ಎರಡು ಸಾಲಿನ ಕೆಲಸ. ಎರಡನ್ನೂ ಬೆಸೆದರೆ ಹೇಗೆ ಎಂಬ ಆಸೆಯಿಂದ ಮುಂದೆ ಡೇಟಾಲಾಗ್ ಎಂಬ ಭಾಷೆ ಮೂಡಿತು.

ಆ ಎರಡು ಸಾಲುಗಳನ್ನು ಕನ್ನಡದಲ್ಲೇ ಬರೆಯಬಹುದು. ಒಬ್ಬರ ಮಗು ಅವರ ವಂಶಜ. ಒಬ್ಬರ ಮಗುವಿನ ವಂಶಜರು ಅವರಿಗೂ ವಂಶಜರು. ಮುಗಿಯಿತು. ಯಾರ ಮಗು ಯಾರು ಎಂಬ ಕೋಷ್ಟಕ ಮೊದಲೇ ಇದೆ. ಉಳಿದದ್ದನ್ನೆಲ್ಲ ಈ ನಿಯಮಗಳು ಹುಟ್ಟಿಸುತ್ತವೆ.

ಹುಟ್ಟಿಸುವುದಕ್ಕೆ ಎಷ್ಟು ದುಡಿಯಬೇಕು ಎನ್ನುವುದೇ ಪ್ರಶ್ನೆ. ಲೆಕ್ಕ ಸುಲಭವಾಗಲೆಂದು ಒಂದು ಸರಳ ಊರನ್ನು ಕಲ್ಪಿಸಿಕೊಳ್ಳಿ. ಅಲ್ಲಿ 1,000 ಮನೆತನಗಳು, ಪ್ರತಿ ಮನೆತನಕ್ಕೂ 10 ತಲೆಮಾರಿನ ದಾಖಲೆ, ತಲೆಮಾರಿಗೆ ಒಬ್ಬರೇ. ಒಟ್ಟು 10,000 ಹೆಸರು. ಒಂದು ಮನೆತನದ ಮೂಲಪುರುಷ ಕೆಂಪಯ್ಯ. ಅವರ ವಂಶಜರು ಯಾರ್ಯಾರು ಎಂದು ಕೇಳುತ್ತೇವೆ. ಉತ್ತರ 9 ಹೆಸರು.

ಅತಿ ಪೆದ್ದು ವಿಧಾನದಲ್ಲಿ ಯಂತ್ರ ನಿಯಮಗಳನ್ನು ಸುತ್ತು ಸುತ್ತಾಗಿ ಇಡೀ ಊರಿಗೆ ಅನ್ವಯಿಸುತ್ತದೆ. ಮೊದಲ ಸುತ್ತಿನಲ್ಲಿ ಎಲ್ಲ ಮಕ್ಕಳು, ಎರಡನೆಯದರಲ್ಲಿ ಮೊಮ್ಮಕ್ಕಳು. ಆದರೆ ಎರಡನೆಯ ಸುತ್ತಿನಲ್ಲಿ ಮಕ್ಕಳನ್ನೂ ಮತ್ತೊಮ್ಮೆ ಕಂಡುಹಿಡಿಯುತ್ತದೆ. ಮೂರನೆಯದರಲ್ಲಿ ಮಕ್ಕಳನ್ನು ಮೂರನೆಯ ಸಲ, ಮೊಮ್ಮಕ್ಕಳನ್ನು ಎರಡನೆಯ ಸಲ. ಹೊಸದೇನೂ ಹುಟ್ಟದ ಕೊನೆಯ ಸುತ್ತನ್ನು ಬಿಟ್ಟು ಕೂಡಿದರೂ ಒಂದು ಮನೆತನಕ್ಕೆ 285 ಸಲ ಬರೆದಂತಾಯಿತು. ಊರಿಗೆಲ್ಲ 2,85,000.

ನಿನ್ನೆ ತಿಳಿದದ್ದನ್ನು ಇವತ್ತು ಮತ್ತೆ ಕಂಡುಹಿಡಿಯಬೇಕಿಲ್ಲ, ಹಿಂದಿನ ಸುತ್ತಿನಲ್ಲಿ ಹೊಸದಾಗಿ ಸಿಕ್ಕಿದ್ದನ್ನು ಮಾತ್ರ ಮುಂದಿನ ಸುತ್ತಿಗೆ ಒಯ್ದರೆ ಸಾಕು ಎನ್ನುವುದು ಮೊದಲ ಸುಧಾರಣೆ. ಇದಕ್ಕೆ ಸೆಮಿ-ನೈವ್ ಎಂಬ ಹೆಸರಿದೆ, ಅಂದರೆ ಅರೆಪೆದ್ದು. ಹೆಸರಿನಲ್ಲೇ ಪ್ರಾಮಾಣಿಕತೆಯಿದೆ. ಪ್ರತಿ ಜೋಡಿ ಈಗ ಒಮ್ಮೆ ಮಾತ್ರ ಹುಟ್ಟುತ್ತದೆ: ಮನೆತನಕ್ಕೆ 45, ಊರಿಗೆ 45,000. ದುಡಿಮೆ ಆರನೆಯ ಒಂದು ಭಾಗಕ್ಕಿಂತ ಕೆಳಗೆ ಇಳಿಯಿತು. ಆದರೂ ಕೇಳಿದ್ದು ಕೆಂಪಯ್ಯನವರೊಬ್ಬರ ಮನೆಯ ಸುದ್ದಿ. ಉಳಿದ 999 ಮನೆತನಗಳ ಗೊಡವೆ ನಮಗೇಕೆ?

ಇಲ್ಲಿಗೆ ಬರುತ್ತದೆ 1986ರ ಪ್ರಬಂಧ. ಫ್ರಾಂಸ್ವಾ ಬಾನ್ಸಿಯೋನ್, ಡೇವಿಡ್ ಮೇಯರ್, ಯೆಹೋಶುವಾ ಸಗಿವ್ ಮತ್ತು ಉಲ್ಮನ್ ಅದರಲ್ಲಿ ಕೊಟ್ಟ ಉಪಾಯಕ್ಕೆ ಮ್ಯಾಜಿಕ್ ಸೆಟ್ ಎಂದು ಹೆಸರಿಟ್ಟರು. ಮರುವರ್ಷ ಕತ್ರಿಯೆಲ್ ಬೇರಿ ಮತ್ತು ರಘು ರಾಮಕೃಷ್ಣನ್ ಅದನ್ನು ಇನ್ನೂ ವಿಸ್ತಾರವಾಗಿ ಕಟ್ಟಿದರು. ಹೆಸರು ಜಾದೂ ಎಂದಿದ್ದರೂ ಒಳಗಿರುವುದು ಶ್ಯಾನುಭೋಗರ ಬುದ್ಧಿ. ಯಾರ ವಿಷಯ ನಮಗೆ ಬೇಕು ಎಂಬ ಇನ್ನೊಂದು ಪುಟ್ಟ ಪಟ್ಟಿಯನ್ನು ಯಂತ್ರ ತಾನೇ ಇಟ್ಟುಕೊಳ್ಳುತ್ತದೆ. ಮೊದಲಿಗೆ ಅದರಲ್ಲಿ ಕೆಂಪಯ್ಯ ಒಬ್ಬರೇ. ನಿಯಮ ಹೇಳುವಂತೆ ಅವರ ವಂಶಜರು ಬೇಕೆಂದರೆ ಅವರ ಮಗುವಿನ ವಂಶಜರು ಬೇಕು, ಆದ್ದರಿಂದ ಮಗುವಿನ ಹೆಸರು ಪಟ್ಟಿಗೆ ಸೇರುತ್ತದೆ. ಆಮೇಲೆ ಮೊಮ್ಮಗು. ಹೀಗೆ ಪಟ್ಟಿ 10 ಹೆಸರಿಗೆ ಬಂದು ನಿಲ್ಲುತ್ತದೆ. ಈ ಪಟ್ಟಿಯಲ್ಲಿ ಇಲ್ಲದವರ ಬಗ್ಗೆ ಯಾವ ನಿಯಮವನ್ನೂ ಓಡಿಸಬೇಡ ಎಂದು ಪ್ರತಿ ನಿಯಮಕ್ಕೂ ಒಂದು ಬಾಲ ಸೇರಿಸಿದರೆ ಆಯಿತು. 45,000 ಇದ್ದದ್ದು 45ಕ್ಕೆ ಇಳಿಯುತ್ತದೆ. ನಿಯಮ ಬರೆದವರು ಏನನ್ನೂ ಮಾಡಬೇಕಿಲ್ಲ. ಯಂತ್ರವೇ ನಿಯಮಗಳನ್ನು ತಿದ್ದಿ ಬರೆದುಕೊಳ್ಳುತ್ತದೆ.

ಈಗ ನನಗೆ ತುಂಬ ಇಷ್ಟವಾದ ಭಾಗ. ಎರಡನೆಯ ನಿಯಮವನ್ನು ಒಂಚೂರು ತಿರುಗಿಸಿ ಬರೆಯಿರಿ. "ಮಗುವಿನ ವಂಶಜ" ಎನ್ನುವ ಬದಲು "ವಂಶಜನ ಮಗು" ಎನ್ನಿ. ಅರ್ಥದಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ, ಯಾವ ಕೋರ್ಟಿನಲ್ಲೂ ಎರಡೂ ಒಂದೇ ಎಂದು ಒಪ್ಪುತ್ತಾರೆ. ಆದರೆ ದುಡಿಮೆ ಬದಲಾಗುತ್ತದೆ. ಕೆಂಪಯ್ಯನವರ ವಂಶಜರು ಬೇಕೆಂದರೆ ಈಗ ಬೇಕಾದದ್ದು ಕೆಂಪಯ್ಯನವರದೇ ವಂಶಜರು, ಆಮೇಲೆ ಅವರ ಮಕ್ಕಳು. ಪ್ರಶ್ನೆ ಬೇರೆ ಯಾರಿಗೂ ದಾಟುವುದಿಲ್ಲ. ಪಟ್ಟಿಯಲ್ಲಿ ಕೊನೆಯವರೆಗೂ ಒಂದೇ ಹೆಸರು. ಮಗನ ವಂಶಜರ ಪಟ್ಟಿ, ಮೊಮ್ಮಗನ ವಂಶಜರ ಪಟ್ಟಿ ಎಂದು ಬೇರೆ ಬೇರೆ ಮಾಡುವ ಪ್ರಸಂಗವೇ ಬಾರದು. 45 ಅಲ್ಲ, ಸರಿಯಾಗಿ 9.

2,85,000ದಿಂದ 9ಕ್ಕೆ. ಯಂತ್ರ ಬದಲಿಸಲಿಲ್ಲ, ದತ್ತಾಂಶ ಬದಲಿಸಲಿಲ್ಲ, ಉತ್ತರವೂ ಬದಲಾಗಲಿಲ್ಲ.

ಇದೇ "ವಂಶಜನ ಮಗು" ನಿಯಮವನ್ನು ಮಾಮೂಲಿ ಪ್ರೋಲಾಗ್‌ಗೆ ಕೊಟ್ಟು ನೋಡಿ. ಅದು ನಿಯಮವನ್ನು ಎಡದಿಂದ ಬಲಕ್ಕೆ, ಬರೆದ ಕ್ರಮದಲ್ಲೇ ಪಾಲಿಸುತ್ತದೆ. ಕೆಂಪಯ್ಯನ ವಂಶಜ ಯಾರು? ಮೊದಲು ಕೆಂಪಯ್ಯನ ವಂಶಜನನ್ನು ಹುಡುಕು. ಅದಕ್ಕೆ? ಮೊದಲು ಕೆಂಪಯ್ಯನ ವಂಶಜನನ್ನು ಹುಡುಕು. ಇರುವ 9 ಹೆಸರುಗಳನ್ನು ಕೊಟ್ಟ ಮೇಲೂ ಅದು ನಿಲ್ಲುವುದಿಲ್ಲ, ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತದೆ. ಡೇಟಾಲಾಗ್‌ನಲ್ಲಿ ಅತ್ಯುತ್ತಮವಾದ ಬರವಣಿಗೆ ಪ್ರೋಲಾಗ್‌ನಲ್ಲಿ ಮಾರಕ. ಕಾರಣ ಇಷ್ಟೇ: ಪ್ರೋಲಾಗ್ ಶಕ್ತಿವಂತ ಭಾಷೆ, ಅದರಲ್ಲಿ ಏನು ಬೇಕಾದರೂ ಲೆಕ್ಕ ಹಾಕಬಹುದು, ಆದರೆ ಸಾಲುಗಳ ಕ್ರಮಕ್ಕೆ ಅರ್ಥವಿದೆ. ಕ್ರಮಕ್ಕೆ ಅರ್ಥವಿದ್ದ ಮೇಲೆ ಅದನ್ನು ಬದಲಿಸುವ ಹಕ್ಕು ಯಂತ್ರಕ್ಕಿಲ್ಲ. ಡೇಟಾಲಾಗ್ ಆ ಶಕ್ತಿಯನ್ನು ಬಿಟ್ಟುಕೊಟ್ಟಿತು. ಹೊಸ ವಸ್ತುಗಳನ್ನು ಅದು ಸೃಷ್ಟಿಸುವಂತಿಲ್ಲ, ಕೋಷ್ಟಕದಲ್ಲಿರುವ ಹೆಸರುಗಳನ್ನೇ ಜೋಡಿಸಬೇಕು. ಹೆಸರುಗಳು ಎಣಿಸಿದಷ್ಟೇ ಇರುವುದರಿಂದ ಜೋಡಿಗಳೂ ಎಣಿಸಿದಷ್ಟೇ. ಯಾವ ಕ್ರಮದಲ್ಲಿ ಹೊರಟರೂ ಕೆಲಸ ಒಂದಲ್ಲ ಒಂದು ಹೊತ್ತಿಗೆ ಮುಗಿಯಲೇಬೇಕು, ಉತ್ತರ ಒಂದೇ ಆಗಲೇಬೇಕು. ಈ ಖಾತರಿ ಇದ್ದುದರಿಂದಲೇ ಯಂತ್ರ ಧೈರ್ಯವಾಗಿ ನಿಯಮಗಳನ್ನು ಕಲಕಿ ಬರೆಯಬಲ್ಲದು.

ಉಲ್ಮನ್ 1989ರಲ್ಲಿ, ಡೇಟಾಲಾಗ್‌ನ ಮಟ್ಟಿಗೆ ಇರುವ ದತ್ತಾಂಶದಿಂದ ಹೊರಟು ಕೆಳಗಿನಿಂದ ಮೇಲೇರುವ ವಿಧಾನವೇ, ಪ್ರೋಲಾಗ್‌ನಂತೆ ಪ್ರಶ್ನೆಯಿಂದ ಹೊರಟು ಮೇಲಿನಿಂದ ಕೆಳಗಿಳಿಯುವುದನ್ನು ಸೋಲಿಸುತ್ತದೆ ಎಂದು ಸಾರಿದರು. ಆ ಗೆಲುವಿಗೆ ಒಂದು ಅಡಿಟಿಪ್ಪಣಿ ಬೇಕು. "ಮಗುವಿನ ವಂಶಜ" ಎಂದು ಬರೆದ ನಿಯಮದಲ್ಲಿ ಬುದ್ಧಿವಂತ ಪ್ರೋಲಾಗ್ ಒಂದೊಂದೇ ಮೆಟ್ಟಿಲಿಳಿದು 9 ಹೆಜ್ಜೆಯಲ್ಲಿ ಮುಗಿಸುತ್ತದೆ, ಅಲ್ಲಿ ಬರಿಯ ಮ್ಯಾಜಿಕ್ ಸೆಟ್ 45 ಸಲ ಬರೆಯುತ್ತದೆ. ಇಂಥ ಸರಳರೇಖೆಯ ನಿಯಮಗಳನ್ನು ಯಂತ್ರವೇ ಗುರುತಿಸಿ ಬೇರೆ ಬಗೆಯಲ್ಲಿ ಓಡಿಸುವ ಉಪಾಯವೂ ಅದೇ ವರ್ಷ ಬಂತು. ಪ್ರೋಲಾಗ್ ಕಡೆಯವರೂ ಸುಮ್ಮನಿರಲಿಲ್ಲ: ನ್ಯೂಯಾರ್ಕಿನ ಸ್ಟೋನಿಬ್ರೂಕ್‌ನಲ್ಲಿ ಕಟ್ಟಿದ ಎಕ್ಸ್‌ಎಸ್‌ಬಿ ಎಂಬ ಪ್ರೋಲಾಗ್, ಒಮ್ಮೆ ಕೇಳಿದ ಪ್ರಶ್ನೆಯನ್ನು ಬರೆದಿಟ್ಟುಕೊಂಡು ಮತ್ತೆ ಕೇಳದಿರುವ ವಿಧಾನದಿಂದ ಆ ಗಾಣದ ಸುತ್ತಾಟ ತಪ್ಪಿಸಿತು. ಎರಡು ಬಣಗಳ ಜಗಳ ಒಂದೇ ಬಾವಿಯ ನೀರಿಗೆ ಎರಡು ಕಡೆಯಿಂದ ಹಗ್ಗ ಇಳಿಬಿಟ್ಟ ಹಾಗಿತ್ತು ಎಂದು ಈಗ ಕಾಣುತ್ತದೆ.

ಮೇಲೆ ಹೇಳಿದ ರಘು ರಾಮಕೃಷ್ಣನ್ ಮದ್ರಾಸ್ ಐಐಟಿಯಲ್ಲಿ ಓದಿದವರು. ವಿಸ್ಕಾನ್ಸಿನ್ನಿನಲ್ಲಿ ಅವರು ಕೋರಲ್ ಎಂಬ ಡಿಡಕ್ಟಿವ್ ಡೇಟಾಬೇಸ್ ಕಟ್ಟಿದಾಗ ಜೊತೆಗಿದ್ದ ಎಸ್. ಸುದರ್ಶನ್ ಅವರೂ ಅದೇ ಮದ್ರಾಸ್ ಐಐಟಿಯವರು. ಆಮೇಲೆ ಮುಂಬೈ ಐಐಟಿಗೆ ಬಂದರು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಓದುವ ಡೇಟಾಬೇಸ್ ಪಠ್ಯವೊಂದರ ಮೂವರು ಲೇಖಕರಲ್ಲಿ ಅವರೂ ಒಬ್ಬರು. ಈ ಹೊತ್ತಿಗೂ ವಿದ್ಯಾರ್ಥಿಗಳಿಗೆ ಇದು ಎಲ್ಲೋ ದೂರದ ವಿದ್ಯೆ ಅನ್ನಿಸಿದರೆ ಅದು ನಮ್ಮ ಪಾಠದ ದೋಷ.

ಹಾಗಾದರೆ ಸೋತಿತು ಎಂಬ ಮಾತು ಎಲ್ಲಿಂದ ಬಂತು? 1998ರಲ್ಲಿ ಹೊರಬಂದ ಡೇಟಾಬೇಸ್ ಪ್ರಬಂಧಗಳ ಹೆಸರಾಂತ ಸಂಕಲನವೊಂದರಲ್ಲಿ ಸಂಪಾದಕರಾದ ಮೈಕಲ್ ಸ್ಟೋನ್‌ಬ್ರೇಕರ್ ಮತ್ತು ಜೋಸೆಫ್ ಹೆಲರ್‌ಸ್ಟೈನ್, ತನ್ನನ್ನೇ ತಾನು ಮತ್ತೆ ಕರೆದುಕೊಳ್ಳುವ ಈ ಪುನರಾವರ್ತಿತ ಕ್ವೆರಿಗಳ ಸಿದ್ಧಾಂತಕ್ಕೆ ಬಳಕೆಯೇ ಸಿಕ್ಕಿಲ್ಲ ಎಂಬರ್ಥದ ತೀರ್ಪು ಕೊಟ್ಟರು. ಆ ಹೊತ್ತಿಗೆ ಅದು ಪೂರ್ತಿ ಅನ್ಯಾಯದ ಮಾತೇನೂ ಆಗಿರಲಿಲ್ಲ. ತರ್ಕದ ಮೇಲೆ ಕಂಪ್ಯೂಟರನ್ನೇ ಕಟ್ಟುತ್ತೇವೆಂದು 1982ರಲ್ಲಿ ಹೊರಟಿದ್ದ ಜಪಾನಿನ ಐದನೆಯ ತಲೆಮಾರಿನ ಯೋಜನೆ ಸದ್ದಿಲ್ಲದೆ ಮುಗಿದಿತ್ತು. ಬ್ಯಾಂಕು, ಅಂಗಡಿ, ರೈಲ್ವೆ ಬುಕಿಂಗ್ ಯಾರಿಗೂ ಹತ್ತು ತಲೆಮಾರಿನ ಪುನರಾವರ್ತನೆ ಬೇಕಿರಲಿಲ್ಲ. ತಪ್ಪಿದ್ದು ಅಳತೆಗೋಲಿನಲ್ಲಿ: ಅವತ್ತಿನ ಗ್ರಾಹಕರು ಕೇಳಲಿಲ್ಲ ಎಂಬುದನ್ನು ಯಾರಿಗೂ ಎಂದಿಗೂ ಬೇಡ ಎಂದು ಓದಿಕೊಂಡರು. ಅದೇ ಹೆಲರ್‌ಸ್ಟೈನ್ ಕೆಲವೇ ವರ್ಷಗಳಲ್ಲಿ ಬರ್ಕ್ಲಿಯಲ್ಲಿ ಕುಳಿತು ನೆಟ್‌ವರ್ಕ್ ಪ್ರೋಟೋಕಾಲ್‌ಗಳನ್ನು ಡೇಟಾಲಾಗ್ ಮಾದರಿಯ ನಿಯಮಗಳಲ್ಲಿ ಬರೆಯಲು ಹೊರಟರು. ತೀರ್ಪು ಕೊಟ್ಟವರೇ ಮೇಲ್ಮನವಿ ಹಾಕಿದಂತೆ.

ದೊಡ್ಡ ಬಳಕೆ ಬಂದದ್ದು ಯಾರೂ ಎದುರುನೋಡದ ಮೂಲೆಯಿಂದ. ಲಕ್ಷಾಂತರ ಸಾಲಿನ ಪ್ರೋಗ್ರಾಮಿನಲ್ಲಿ ಈ ವೇರಿಯಬಲ್ ಯಾವ ವಸ್ತುವನ್ನು ತೋರಿಸುತ್ತಿರಬಹುದು, ಹೊರಗಿನವರು ತುಂಬಿದ ಮಾಹಿತಿ ಹರಿದು ಹರಿದು ಎಲ್ಲಿ ಸೇರಬಹುದು ಎಂಬ ಪ್ರಶ್ನೆಗಳೆಲ್ಲ ವಂಶವೃಕ್ಷದ ತದ್ರೂಪಿಗಳು. ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ವೇಲಿ ಮತ್ತು ಮೋನಿಕಾ ಲ್ಯಾಮ್ 2004ರಲ್ಲಿ ಈ ದಾರಿ ತೋರಿದರು. 2009ರಲ್ಲಿ ಜಾವಾ ಪ್ರೋಗ್ರಾಮುಗಳಿಗಾಗಿ ಡೂಪ್ ಎಂಬ ವಿಶ್ಲೇಷಣಾ ಸಾಧನ ಬಂತು, ಆಮೇಲೆ ನಿಯಮಗಳನ್ನು ಸಿ++ಗೆ ಇಳಿಸಿ ಓಡಿಸುವ ಸೂಫ್ಲೆ. ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಸೆಮ್ಮಲ್ ಕಂಪನಿಯನ್ನು ಗಿಟ್‌ಹಬ್ 2019ರಲ್ಲಿ ಕೊಂಡಿತು. ಅದರ ಕೋಡ್‌ಕ್ಯೂಎಲ್ ಇವತ್ತು ಭದ್ರತಾ ದೋಷ ಹುಡುಕುತ್ತಿರುವುದು ಡೇಟಾಲಾಗ್‌ನ ವಂಶದ ಭಾಷೆಯಲ್ಲೇ.

ನನ್ನ ವಾದಕ್ಕೆ ಎದುರಾಗಿ ಹೇಳಬೇಕಾದ್ದೂ ಇಲ್ಲೇ ಇದೆ, ಅದನ್ನು ಬಚ್ಚಿಡುವುದು ಸರಿಯಲ್ಲ. ಡೂಪ್‌ನಂಥ ಕಡೆ ಬೇಕಾದದ್ದು ಇಡೀ ಊರಿನ ವಂಶವೃಕ್ಷವೇ. ಅಲ್ಲಿ ಮ್ಯಾಜಿಕ್ ಸೆಟ್‌ಗೆ ಕೆಲಸವಿಲ್ಲ. ಎಲ್ಲರೂ ಬೇಕಾದವರೇ ಆದಾಗ ಬೇಕಾದವರ ಪಟ್ಟಿ ಇಡುವುದು ಬರಿ ಹೊರೆ. ಅಲ್ಲಿ ಗೆಲುವು ತಂದದ್ದು ಅರೆಪೆದ್ದು ವಿಧಾನ ಮತ್ತು ಸರಿಯಾದ ಇಂಡೆಕ್ಸುಗಳು. ಜೊತೆಗೆ, ಡೂಪ್ ಬರೆದವರು ಯಾವ ಕೋಷ್ಟಕವನ್ನು ಮೊದಲು ಜೋಡಿಸಬೇಕು ಎಂಬುದನ್ನು ಕೈಯಾರೆ ತಿದ್ದಿ ತೀಡಿ ವೇಗ ಗಳಿಸಿದರು. ಸೂಫ್ಲೆಯಲ್ಲಂತೂ ಜೋಡಣೆಯ ಕ್ರಮವನ್ನು ಬರೆಯುವವರೇ ಹೇಳಲು ಪ್ರತ್ಯೇಕ ಸೂಚನೆಯಿದೆ. ಅಂದರೆ ಬಾಗಿಲಲ್ಲಿ ಹೊರಗೆ ಹಾಕಿದ "ಹೇಗೆ" ಕಿಟಕಿಯಿಂದ ಒಳಗೆ ಬಂತು.

"ಇಲ್ಲ" ಎಂಬ ಪದ ಇನ್ನೊಂದು ತೊಡಕು. ವಾರಸುದಾರರು ಇಲ್ಲದವರನ್ನು ಪಟ್ಟಿ ಮಾಡು ಎಂದರೆ, ವಾರಸುದಾರರೆಲ್ಲರ ಲೆಕ್ಕ ಮೊದಲು ಮುಗಿದಿರಬೇಕು. ಹೀಗೆ ನಿಯಮಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಡಬಹುದು. ಆದರೆ ಮ್ಯಾಜಿಕ್ ಸೆಟ್ ನಿಯಮಗಳನ್ನು ತಿದ್ದುವಾಗ ಒಮ್ಮೊಮ್ಮೆ ಆ ಮೆಟ್ಟಿಲುಗಳೇ ಕಲಸಿಹೋಗುತ್ತವೆ. ಅದನ್ನು ಬಿಡಿಸಲು ಬೇರೆ ಕಸರತ್ತು ಬೇಕು. ಇನ್ನು ಎರಡು ಡೇಟಾಲಾಗ್ ಪ್ರೋಗ್ರಾಮುಗಳ ಅರ್ಥ ಒಂದೇ ಹೌದೋ ಅಲ್ಲವೋ ಎಂದು ಎಲ್ಲ ಸಂದರ್ಭದಲ್ಲೂ ಹೇಳಬಲ್ಲ ಯಂತ್ರವನ್ನು ಕಟ್ಟಲಾಗದು ಎಂಬುದು ಸಾಬೀತಾದ ಸಂಗತಿ. ಇಷ್ಟೆಲ್ಲ ಶಕ್ತಿ ಬಿಟ್ಟುಕೊಟ್ಟ ಮೇಲೂ ಪರಿಪೂರ್ಣ ಆಪ್ಟಿಮೈಸರ್ (ಅತಿ ಚುರುಕಾದ ದಾರಿಯನ್ನು ಆರಿಸುವ ಭಾಗ) ಸಿಗುವುದಿಲ್ಲ.

ಪುನರಾವರ್ತನೆಯೇ ಇಲ್ಲದ ಸಾಮಾನ್ಯ ಕ್ವೆರಿಯಲ್ಲೂ ಆಪ್ಟಿಮೈಸರ್‌ಗಳ ಆಯ್ಕೆ ಎಷ್ಟು ಚಂಚಲ ಎಂಬುದನ್ನು ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೇ ತೋರಿಸಿದ್ದಾರೆ. ಜಯಂತ್ ಹರಿತ್ಸ ಅವರ ತಂಡ, ಷರತ್ತು ಸ್ವಲ್ಪ ಬದಲಾದರೆ ಯಂತ್ರ ಯಾವ ಯೋಜನೆಗೆ ಜಿಗಿಯುತ್ತದೆ ಎಂಬುದನ್ನು ಬಣ್ಣದ ನಕ್ಷೆಯಾಗಿ ಬಿಡಿಸುವ ತಂತ್ರಾಂಶ ಕಟ್ಟಿತು. ಕೆಲವು ಡೇಟಾಬೇಸ್‌ಗಳ ನಕ್ಷೆ ಎಷ್ಟು ಚೂರುಚೂರಾಗಿತ್ತೆಂದರೆ ತಂತ್ರಾಂಶಕ್ಕೆ ಪಿಕಾಸೊ ಎಂದೇ ಹೆಸರಿಟ್ಟರು. ಪುನರಾವರ್ತನೆ ಸೇರಿದರೆ ಆ ಆಯ್ಕೆಗೆ ಬೇಕಾದ ಅಂದಾಜು ಇನ್ನೂ ಕಷ್ಟ, ಮುಂದಿನ ಸುತ್ತಿನಲ್ಲಿ ಎಷ್ಟು ಹುಟ್ಟುತ್ತದೆ ಎಂದು ಈ ಸುತ್ತಿನಲ್ಲಿ ಹೇಳುವವರು ಯಾರು?

ಆದರೂ ಈ ಆಕ್ಷೇಪಗಳು ನನ್ನ ಮಾತನ್ನು ಕೆಡವುವುದಿಲ್ಲ. ಸೂಫ್ಲೆಯಲ್ಲಿ ಕ್ರಮವನ್ನು ತಪ್ಪಾಗಿ ಸೂಚಿಸಿದರೆ ಉತ್ತರ ತಡವಾಗಿ ಬರುತ್ತದೆ, ಸುಳ್ಳು ಉತ್ತರ ಬರುವುದಿಲ್ಲ. ಪ್ರೋಲಾಗ್‌ನಲ್ಲಿ ಕ್ರಮ ತಪ್ಪಿದರೆ ಕೆಲಸವೇ ಮುಗಿಯದಿರಬಹುದು. ವೇಗದ ಚಿಂತೆಯನ್ನು ಸತ್ಯದ ಚಿಂತೆಯಿಂದ ಬೇರೆ ಮಾಡಿಟ್ಟದ್ದು ಈ ಕ್ಷೇತ್ರದ ದೊಡ್ಡ ಗಳಿಕೆ. ನಿಯಮ ಬರೆಯುವ ವಕೀಲ, ವೈದ್ಯ, ಕಂದಾಯ ಅಧಿಕಾರಿ ಸರಿಯಾದ ನಿಯಮ ಬರೆದರೆ ಸಾಕು. ಅದನ್ನು ಚುರುಕಾಗಿಸುವ ಕೆಲಸ ಯಂತ್ರದ್ದೋ, ಇನ್ನೊಬ್ಬ ಎಂಜಿನಿಯರಿನದ್ದೋ ಆಗಬಹುದು, ಮತ್ತು ಆ ಎಂಜಿನಿಯರು ನಿಯಮದ ಅರ್ಥ ಕೆಡಿಸಲಾರ.

ನಾವು ಕಲಿತ ಅರ್ಧ ಯಾವುದು ಎಂದರೆ ಪುನರಾವರ್ತನೆ ಬರೆಯುವ ಸೌಲಭ್ಯ. 1999ರ ಎಸ್‌ಕ್ಯೂಎಲ್ ಮಾನಕಕ್ಕೆ ಅದು ಸೇರಿತು. ಪೋಸ್ಟ್‌ಗ್ರೆಸ್‌ಗೆ 2009ರಲ್ಲಿ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ ಬಂತು. ಪೋಸ್ಟ್‌ಗ್ರೆಸ್ ಒಳಗೆ ಅರೆಪೆದ್ದು ವಿಧಾನವೂ ಇದೆ, ಹಿಂದಿನ ಸುತ್ತಿನ ಹೊಸ ಸಾಲುಗಳನ್ನು ಮಾತ್ರ ಅದು ಮುಂದಕ್ಕೊಯ್ಯುತ್ತದೆ. ಆದರೆ ಹೊರಗೆ ಬರೆದ ಷರತ್ತನ್ನು ಪುನರಾವರ್ತನೆಯ ಒಳಕ್ಕೆ ತಾನಾಗಿ ಒಯ್ಯುವುದಿಲ್ಲ. ಐಬಿಎಂನವರು ಮ್ಯಾಜಿಕ್ ಸೆಟ್ಟನ್ನು ರಿಲೇಷನಲ್ ಡೇಟಾಬೇಸ್ ಒಳಗೆ ಕೂರಿಸಿ ತೋರಿಸಿದ್ದು 1994ರಲ್ಲಿ. ನಮ್ಮ ಸ್ಟಾರ್ಟಪ್‌ಗಳಿಂದ ಹಿಡಿದು ಸರ್ಕಾರಿ ಪೋರ್ಟಲ್‌ಗಳವರೆಗೆ ಬಳಕೆಯಲ್ಲಿರುವ ಪೋಸ್ಟ್‌ಗ್ರೆಸ್ಸಿಗೆ ಅಷ್ಟು ಹಳೆಯ ಪಾಠ ಇನ್ನೂ ದಾಟಿಲ್ಲ. ಅದು ಎಲ್ಲರೂ ಸೇರಿ ಕಟ್ಟುವ ಮುಕ್ತ ತಂತ್ರಾಂಶ. ಬೆಂಗಳೂರಿನಲ್ಲಿ ಅದರ ಒಳಗನ್ನು ಬಲ್ಲವರೂ ಇದ್ದಾರೆ. ಯಾರಾದರೂ ಕೈಹಾಕಲಿ. ಅಲ್ಲಿಯವರೆಗೆ, ಓದುಗರೇ, ಷರತ್ತನ್ನು ನೀವೇ ಎರಡು ಸಾಲು ಮೇಲೆ ಬರೆದುಕೊಳ್ಳಿ.